ಜಿಫ್ ಚಿತ್ರದ ಹೊಟ್ಟೆಯಲ್ಲೊಂದು ಕಂಪ್ಯೂಟರ್

2016ರ ಆಗಸ್ಟ್ 10. ಯುಎಇಯ ಮಾನವ ಹಕ್ಕು ಹೋರಾಟಗಾರ ಅಹ್ಮದ್ ಮನ್ಸೂರ್ ಅವರ ಐಫೋನಿಗೆ ಒಂದು ಎಸ್ಎಂಎಸ್ ಬಂತು. ಅಲ್ಲಿನ ಜೈಲುಗಳಲ್ಲಿ ನಡೆಯುವ ಚಿತ್ರಹಿಂಸೆಯ ಹೊಸ ಗುಟ್ಟುಗಳು ಇಲ್ಲಿವೆ ಅಂತ ಬರೆದು, ಕೆಳಗೊಂದು ಲಿಂಕ್. ಮರುದಿನ ಅಂಥದ್ದೇ ಇನ್ನೊಂದು. ಲಾಟರಿ ಹೊಡೆದಿದೆ ಎಂದಿದ್ದರೆ ಅವರು ತಿರುಗಿಯೂ ನೋಡುತ್ತಿರಲಿಲ್ಲ, ಅಲ್ವಾ? ಮೀನು ನೋಡಿಯೇ ಗಾಳಕ್ಕೆ ಎರೆ ಸಿಕ್ಕಿಸಿದ್ದರು.

ಹಿಂದೆ ಎರಡು ಸಲ ಪೆಟ್ಟು ತಿಂದಿದ್ದ ಮನ್ಸೂರ್ ಲಿಂಕ್ ಒತ್ತಲಿಲ್ಲ. ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್‌ಗೆ ಕಳಿಸಿಬಿಟ್ಟರು. ಅಲ್ಲಿಯವರು ತಮ್ಮದೇ ಒಂದು ಐಫೋನಿನಲ್ಲಿ ಬೇಕೆಂದೇ ಅದನ್ನು ತೆರೆದು ನೋಡಿದರು. ಒಳಗಿದ್ದದ್ದು ಪೆಗಾಸಸ್, ಇಸ್ರೇಲಿನ ಎನ್ಎಸ್ಒ ಗ್ರೂಪ್ ಸರ್ಕಾರಗಳಿಗೆ ಮಾರುವ ಗೂಢಚಾರ ಸಾಫ್ಟ್‌ವೇರ್. ಆಪಲ್‌ಗೇ ಗೊತ್ತಿಲ್ಲದ ಮೂರು ತೂತುಗಳಿಂದ ಅದು ನುಗ್ಗುತ್ತಿತ್ತು. ಆಗಸ್ಟ್ 25ಕ್ಕೆ ಆಪಲ್ ಅವನ್ನು ಮುಚ್ಚಿತು.

ಗೊತ್ತಿಲ್ಲದ ಲಿಂಕ್ ಒತ್ತಬೇಡಿ ಅನ್ನೋ ಬುದ್ಧಿಮಾತು ಆಗ ಕೆಲಸಕ್ಕೆ ಬಂತು. 2021ರಲ್ಲಿ ಸೌದಿಯ ಹೋರಾಟಗಾರರೊಬ್ಬರ ಫೋನಿನಲ್ಲಿ ಸಿಕ್ಕಿದ ಪೆಗಾಸಸ್‌ಗೆ ಆ ಬುದ್ಧಿಮಾತು ಸಾಲದು. ಅಲ್ಲಿ ಯಾರೂ ಏನನ್ನೂ ಒತ್ತಬೇಕಾಗಿರಲಿಲ್ಲ.

ಐಫೋನಿನ ಮೆಸೇಜ್ ಸೇವೆ ಐಮೆಸೇಜ್‌ಗೆ ಜಿಫ್ ಎಂಬ ಕುಣಿಯುವ ಚಿತ್ರ ಬಂದರೆ, ಅದು ಸುಮ್ನೆ ಕುಣಿಯುತ್ತಲೇ ಇರಲಿ ಅಂತ ಫೋನ್ ತಾನಾಗಿ ಅದರ ನಕಲು ತೆಗೆಯುತ್ತಿತ್ತು. ಆ ಕೆಲಸ ಮಾಡುವ ಭಾಗ ಫೈಲಿನ ಹೆಸರನ್ನು ನಂಬುವುದಿಲ್ಲ, ಒಳಗೇನಿದೆ ಎಂದು ಇಣುಕಿ ನೋಡುತ್ತದೆ. ಹೆಸರು ಜಿಫ್, ಒಳಗೆ ಪಿಡಿಎಫ್. ಸರಿ, ಪಿಡಿಎಫ್ ಬಿಡಿಸೋಣ ಅಂತ ಹೊರಟಿತು. ಆ ಪಿಡಿಎಫ್‌ನಲ್ಲಿದ್ದದ್ದು ಜೆಬಿಗ್2 ಎಂಬ ಹಳೇ ವಿಧಾನದಲ್ಲಿ ಹಿಂಡಿಟ್ಟ ಚಿತ್ರ.

ಜೆಬಿಗ್2 ಹುಟ್ಟಿದ್ದು ಫ್ಯಾಕ್ಸ್, ಸ್ಕ್ಯಾನರ್‌ಗಳ ಕಾಲಕ್ಕೆ. ನಮ್ಮ ಅಚ್ಚುಮೊಳೆ ನೆನಪಿಸಿಕೊಳ್ಳಿ. ಪುಟದಲ್ಲಿ ‘ಅ’ ಐವತ್ತು ಸಲ ಇದ್ದರೆ ಒಂದೇ ‘ಅ’ ಇಟ್ಟುಕೊಂಡು ಬೇಕಾದಲ್ಲೆಲ್ಲ ಒತ್ತಿದರಾಯಿತು. (ಇದೇ ಜಾಣತನದಿಂದಾಗಿ ಕೆಲವು ಸ್ಕ್ಯಾನರ್‌ಗಳು 6ನ್ನು 8 ಮಾಡುತ್ತಿದ್ದದ್ದು 2013ರಲ್ಲಿ ಬಯಲಾಗಿತ್ತು.) ಎರಡು ‘ಅ’ಗಳಲ್ಲಿ ತುಸು ವ್ಯತ್ಯಾಸವಿದ್ದರೆ ಚುಕ್ಕಿ ಚುಕ್ಕಿಯನ್ನೂ ತಾಳೆ ನೋಡಿ ತಿದ್ದಬೇಕು. ಅದಕ್ಕೆ ಸೊನ್ನೆ, ಒಂದುಗಳನ್ನು ಹೋಲಿಸುವ ಆ್ಯಂಡ್, ಆರ್, ಎಕ್ಸಾರ್ ಎಂಬ ಲೆಕ್ಕಗಳು ಬೇಕು. ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಕಟ್ಟುವುದೂ ಇದೇ ಇಟ್ಟಿಗೆಗಳಿಂದ!

ಜೆಬಿಗ್2 ಬಿಡಿಸುವ ಪ್ರೋಗ್ರಾಂನಲ್ಲಿ ಒಂದು ದೋಷವಿತ್ತು. ಅದರಿಂದ ಚಿತ್ರದ ಗಡಿ ದಾಟಿ ಫೋನಿನ ಮೆಮೊರಿಗೇ ಕೈಹಾಕಬಹುದಿತ್ತು. ಅಷ್ಟು ಸಿಕ್ಕಿದ್ದೇ ತಡ, ಎನ್ಎಸ್ಒದವರು 70,000ಕ್ಕೂ ಜಾಸ್ತಿ ಆಜ್ಞೆಗಳನ್ನು ಪೋಣಿಸಿ, ಕೂಡುವ, ಹೋಲಿಸುವ ಪುಟ್ಟ ಕಂಪ್ಯೂಟರನ್ನೇ ಆ ಚಿತ್ರದೊಳಗೆ ಕಟ್ಟಿದ್ದರು. ಕಸುಬುಗಾರಿಕೆಗೆ ತಲೆದೂಗಬೇಕು. ಉದ್ದೇಶ ನೆನೆದರೆ ಮೈ ಜುಮ್ಮೆನ್ನುತ್ತದೆ. ಹೀಗೆ ಒಳಹೊಕ್ಕದ್ದು ಪರದೆಯ ಮೇಲಿನದನ್ನು ನಮ್ಮ ಜೊತೆಯೇ ಓದುತ್ತದೆ. ಮೆಸೇಜ್‌ಗೆ ಹಾಕಿದ ಎನ್‌ಕ್ರಿಪ್ಶನ್ ಬೀಗ ದಾರಿಯ ಕಳ್ಳನಿಗಷ್ಟೇ.

ಪೆಗಾಸಸ್‌ನಿಂದ ಬೇಹುಗಾರಿಕೆ ನಡೆದಿದೆ ಎಂಬ ಗಲಾಟೆ ನಮ್ಮಲ್ಲೂ ಎದ್ದಿತ್ತು. ಕರ್ನಾಟಕದವರೇ ಆದ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಮೇಲ್ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್‌ನ ಸಮಿತಿ 29 ಫೋನ್‌ಗಳನ್ನು ಪರೀಕ್ಷಿಸಿತು. ಐದರಲ್ಲಿ ಏನೋ ಮಾಲ್‌ವೇರ್ ಇತ್ತು, ಪೆಗಾಸಸ್ಸೇ ಎನ್ನಲು ಪುರಾವೆ ಸಾಲಲಿಲ್ಲ. ಸಿಗಲಿಲ್ಲ ಅಂದರೆ ಇರಲೇ ಇಲ್ಲ ಅಂತ ವಾದಿಸುವವರಿಗೆ ಒಂದು ಮಾತು: ಇಂಥವನ್ನು ಕಟ್ಟುವುದೇ ಕುರುಹು ಉಳಿಯದ ಹಾಗೆ.

ಹಾಗಂತ ನಿಮ್ಮ ನನ್ನ ಫೋನಿಗೆ ಪೆಗಾಸಸ್ ಖರ್ಚು ಮಾಡುವವರು ಕಡಿಮೆ. ನಮಗೆ ಜಾಸ್ತಿ ಅಪಾಯ ವಾಟ್ಸ್ಆ್ಯಪ್‌ನಲ್ಲಿ ಮದುವೆ ಕರೆಯೋಲೆಯ ವೇಷದಲ್ಲಿ ಬರುವ ಎಪಿಕೆ, ಅಂದರೆ ಆಂಡ್ರಾಯ್ಡ್ ಫೋನಿಗೆ ಆ್ಯಪ್ ಹಾಕುವ ಫೈಲ್. ಅಪ್‌ಡೇಟ್ ಬಂದ ದಿನವೇ ಹಾಕಿಕೊಳ್ಳಿ. ವಾರಕ್ಕೊಮ್ಮೆ ಫೋನ್ ಆಫ್ ಮಾಡಿ ಆನ್ ಮಾಡಿ. ಬರೀ ಮೆಮೊರಿಯಲ್ಲಿ ಕೂತ ಗೂಢಚಾರ ಅಷ್ಟಕ್ಕೇ ಕಾಲು ಕೀಳುತ್ತದೆ, ಮತ್ತೆ ಬರಲೂಬಹುದು. ಪತ್ರಕರ್ತರು, ಹೋರಾಟಗಾರರಿಗಾಗಿ ಐಫೋನಿನಲ್ಲಿ 2022ರಿಂದ ಲಾಕ್‌ಡೌನ್ ಮೋಡ್ ಇದೆ. (ಹೆಸರು ಕೇಳಿದರೆ 2020 ನೆನಪಾಗುತ್ತದೆ, ಇರಲಿ.) ಅದನ್ನು ಹಾಕಿದರೆ ಐಮೆಸೇಜ್ ಬಹುಪಾಲು ಬಗೆಯ ಫೈಲ್‌ಗಳನ್ನು ಮುಟ್ಟುವುದೇ ಇಲ್ಲ, ಲಿಂಕ್‌ಗಳ ಇಣುಕುನೋಟವನ್ನೂ ತೋರಿಸುವುದಿಲ್ಲ. ಫೋನ್ ಸ್ವಲ್ಪ ದಡ್ಡನಾಗುತ್ತದೆ, ಅಷ್ಟೇ.

ಮನ್ಸೂರ್ ಅವರನ್ನು 2017ರ ಮಾರ್ಚ್‌ನಲ್ಲಿ ಮನೆಯಿಂದಲೇ ಹಿಡಿದೊಯ್ದರು. ಸೋಷಿಯಲ್ ಮೀಡಿಯಾದಲ್ಲಿ ಸುಳ್ಳು ಹಬ್ಬಿಸುತ್ತಿದ್ದರು ಎಂದು ಸರ್ಕಾರಿ ಸುದ್ದಿಸಂಸ್ಥೆ ವರದಿ ಮಾಡಿತು. ಮರುವರ್ಷ ಹತ್ತು ವರ್ಷ ಶಿಕ್ಷೆಯಾಯಿತು.