ಒಂದೇ ಊರು, ಒಂದೇ ದರ್ಜೆ, ಎರಡು ಸಂಬಳ: ವಿಶ್ವಸಂಸ್ಥೆ ವೇತನದ ಹಿನ್ನೆಲೆ

2019ರಿಂದ ಕೆಲವು ವರ್ಷ ಜಿನೀವಾದಲ್ಲಿ ಒಂದು ವಿಚಿತ್ರ ಪರಿಸ್ಥಿತಿ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ ಹಿರಿಯ ಅಧಿಕಾರಿಗೆ ಒಂದು ಸಂಬಳ. ಅದೇ ಊರಿನಲ್ಲಿ, ಅದೇ ದರ್ಜೆಯಲ್ಲಿ, ವಿಶ್ವಸಂಸ್ಥೆಯ ನಿರಾಶ್ರಿತರ ವಿಭಾಗದಲ್ಲಿ ಕೆಲಸ ಮಾಡುವವರಿಗೆ ಅದಕ್ಕಿಂತ ಕಡಿಮೆ. ಇಬ್ಬರ ಮೂಲ ವೇತನದ ಪಟ್ಟಿ ಒಂದೇ. ಇಬ್ಬರೂ ಹೋಗುವ ಮಾರುಕಟ್ಟೆಯೂ ಒಂದೇ. ಇದು ಹೇಗಾಯ್ತು ಅಂತ ತಿಳಿಯೋಕೆ ನೂರು ವರ್ಷ ಹಿಂದಕ್ಕೆ ಹೋಗಬೇಕು.

ಮೊದಲ ಮಹಾಯುದ್ಧದ ನಂತರ ರಾಷ್ಟ್ರಗಳ ಒಕ್ಕೂಟ ಹುಟ್ಟಿತು. ಬೇರೆ ಬೇರೆ ದೇಶಗಳ ಜನ ಒಂದೇ ಕಚೇರಿಯಲ್ಲಿ ಕೂತರು. ಅವರಿಗೆ ಎಷ್ಟು ಸಂಬಳ ಕೊಡಬೇಕು? ಈ ಪ್ರಶ್ನೆಗೆ 1921ರಲ್ಲಿ ಫ್ರಾನ್ಸಿನ ಜಾರ್ಜ್ ನೋಬ್ಲ್‌ಮೇರ್ ನೇತೃತ್ವದ ಸಮಿತಿ ಉತ್ತರ ಕೊಟ್ಟಿತು. ಯಾವ ದೇಶದ ಸರ್ಕಾರಿ ನೌಕರರಿಗೆ ಅತಿ ಹೆಚ್ಚು ಸಂಬಳ ಇದೆಯೋ, ಅಲ್ಲಿನವರೂ ಬರುವಷ್ಟು ಕೊಡಿ. ಆಗ ಎಲ್ಲ ದೇಶಗಳಿಂದಲೂ ಒಳ್ಳೆಯವರು ಸಿಗುತ್ತಾರೆ. ಆಗಿನ ಅಳತೆಗೋಲು ಬ್ರಿಟನ್. ವಿಶ್ವಸಂಸ್ಥೆ ಬಂದ ಮೇಲೆ ಆ ಜಾಗಕ್ಕೆ ಅಮೆರಿಕದ ಕೇಂದ್ರ ಸರ್ಕಾರದ ನೌಕರರು ಬಂದರು.

ಅವರವರ ದೇಶದ ಲೆಕ್ಕದಲ್ಲೇ ಕೊಟ್ಟಿದ್ದರೆ ಆಗುತ್ತಿರಲಿಲ್ಲವೇ ಅಂತ ಕೇಳುವವರಿದ್ದಾರೆ. ಹಾಗೆ ಮಾಡಿದ್ದರೆ ಒಂದೇ ಮೇಜಿನ ಆಚೆ ಈಚೆ ಕೂತವರಿಗೆ ಪಾಸ್‌ಪೋರ್ಟ್ ನೋಡಿ ಸಂಬಳ ಕೊಟ್ಟಂತಾಗುತ್ತಿತ್ತು. ಇನ್ನೊಂದು ಅಪಾಯವೂ ಇದೆ. ಸಂಬಳ ಸಾಲದಿದ್ದರೆ ಅಧಿಕಾರಿ ತನ್ನ ಸರ್ಕಾರದ ಕಡೆ ನೋಡುತ್ತಾನೆ. ಕೆಲವು ಸರ್ಕಾರಗಳು ತಮ್ಮವರಿಗೆ ಹೊರಗಿನಿಂದ ಹಣ ಸೇರಿಸಿ ಕೊಟ್ಟಿದ್ದುಂಟು. ಕೆಲವು ತಮ್ಮವರ ಸಂಬಳದಲ್ಲಿ ಒಂದು ಪಾಲನ್ನು ವಾಪಸ್ ಪಡೆದದ್ದೂ ಉಂಟು. ಎರಡರಲ್ಲೂ ಹಾಳಾಗುವುದು ಆ ಹುದ್ದೆಯ ಸ್ವಾತಂತ್ರ್ಯವೇ.

ಈಗ ಸಂಬಳದ ಒಳಗೆ ಏನಿದೆ ನೋಡೋಣ. ಮೂಲ ವೇತನ ಜಗತ್ತಿನ ಎಲ್ಲ ಕಡೆ ಒಂದೇ, ಡಾಲರ್‌ನಲ್ಲಿ. ದರ್ಜೆಗಳು ಪಿ-1ರಿಂದ ಪಿ-5, ಆಮೇಲೆ ಡಿ-1, ಡಿ-2. ಅದರ ಮೇಲೆ ಅಸಿಸ್ಟೆಂಟ್ ಸೆಕ್ರೆಟರಿ ಜನರಲ್ ಮತ್ತು ಅಂಡರ್ ಸೆಕ್ರೆಟರಿ ಜನರಲ್. ಈ ಇಬ್ಬರಿಗೆ ವಾರ್ಷಿಕ ಬಡ್ತಿಯ ಮೆಟ್ಟಿಲುಗಳಿಲ್ಲ, ಒಂದೇ ಸಂಬಳ.

ಮೂಲ ವೇತನದ ಮೇಲೆ ಪೋಸ್ಟ್ ಅಡ್ಜಸ್ಟ್‌ಮೆಂಟ್ ಸೇರುತ್ತದೆ. ಇಡೀ ಗೊಂದಲದ ಬೇರು ಇಲ್ಲೇ ಇದೆ. ನ್ಯೂಯಾರ್ಕ್ ಅನ್ನು ಆಧಾರವಾಗಿಟ್ಟು ಪ್ರತಿ ಊರಿನ ಜೀವನ ವೆಚ್ಚ ಅಳೆಯುತ್ತಾರೆ. ಅದರಿಂದ ಒಂದು ಗುಣಕ ಬರುತ್ತದೆ. ಸುಲಭಕ್ಕೆ ಹೀಗೆ ಅಂದುಕೊಳ್ಳಿ: ತೆರಿಗೆ ಕಳೆದ ಮೂಲ ವೇತನ 1,00,000 ಡಾಲರ್, ಊರಿನ ಗುಣಕ 80. ಆಗ 80,000 ಡಾಲರ್ ಸೇರುತ್ತದೆ. ಗುಣಕ 40 ಇರುವ ಊರಿಗೆ ವರ್ಗವಾದರೆ ಸೇರುವುದು 40,000. ಕೈಗೆ ಬರುವ ಹಣ ಕಡಿಮೆಯಾದರೂ ಅದರಿಂದ ಕೊಳ್ಳಬಹುದಾದದ್ದು ಅಷ್ಟೇ ಇರಬೇಕು ಅನ್ನುವುದು ಲೆಕ್ಕ.

ಇವರಿಗೆ ತೆರಿಗೆಯೇ ಇಲ್ಲ ಅನ್ನುವ ಮಾತು ಅರ್ಧ ಸತ್ಯ. 1946ರ ಒಪ್ಪಂದದಂತೆ ದೇಶಗಳು ಇವರ ಸಂಬಳಕ್ಕೆ ತೆರಿಗೆ ಹಾಕುವುದಿಲ್ಲ. ಆದರೆ ಸಂಸ್ಥೆಯೇ ಸ್ಟಾಫ್ ಅಸೆಸ್‌ಮೆಂಟ್ ಹೆಸರಿನಲ್ಲಿ ಮೊದಲೇ ಕಡಿತ ಮಾಡುತ್ತದೆ. ಅಮೆರಿಕ ಮಾತ್ರ ಇದಕ್ಕೆ ಹೊರತಾಗಿ ತನ್ನ ಪ್ರಜೆಗಳಿಗೆ ತೆರಿಗೆ ಹಾಕುತ್ತದೆ. ಆ ಹಣವನ್ನು ತುಂಬಿಕೊಡಲು ಬೇರೆ ನಿಧಿ ಇದೆ.

ಆಗಾಗ 'ಮೂಲ ವೇತನ ಏರಿಕೆ' ಅಂತ ಸುದ್ದಿ ಬರುತ್ತದೆ. ಬಹಳ ಸಲ ಅದು ಏರಿಕೆಯೇ ಅಲ್ಲ. ಮೂಲ ವೇತನಕ್ಕೆ ಎಷ್ಟು ಸೇರಿಸುತ್ತಾರೋ ಅಷ್ಟನ್ನು ಪೋಸ್ಟ್ ಅಡ್ಜಸ್ಟ್‌ಮೆಂಟ್‌ನಿಂದ ಕಳೆಯುತ್ತಾರೆ. ಹೊರಗಿನವರಿಗೆ ಇದು ಗೊತ್ತಾಗುವುದಿಲ್ಲ. ಸಿಟ್ಟು ಬರುವುದು ಸಹಜ ಅಲ್ವಾ?

ಇನ್ನು ಭತ್ಯೆಗಳು. ಮಕ್ಕಳ ಶಾಲೆ, ತಾಯ್ನಾಡಿಗೆ ರಜೆ, ಬಾಡಿಗೆ ನೆರವು, ಕಷ್ಟದ ಊರಿಗೆ ಹೆಚ್ಚುವರಿ ಹಣ, ಯುದ್ಧವಿದ್ದರೆ ಅಪಾಯ ಭತ್ಯೆ. 2017ರಿಂದ ಸಂಗಾತಿ ಇರುವವರಿಗೂ ಇಲ್ಲದವರಿಗೂ ಒಂದೇ ವೇತನ ಪಟ್ಟಿ. ಅವಲಂಬಿತ ಸಂಗಾತಿ ಇದ್ದರೆ 6 ಪರ್ಸೆಂಟ್ ಬೇರೆ. ಆದರೆ ಅದೇ ಕಚೇರಿಯಲ್ಲಿ ಸ್ಥಳೀಯವಾಗಿ ಸೇರಿದ ಸಿಬ್ಬಂದಿಗೆ ಇದರಲ್ಲಿ ಹೆಚ್ಚಿನದು ಸಿಗುವುದಿಲ್ಲ. ಅವರ ಸಂಬಳ ಆ ಊರಿನ ಒಳ್ಳೆಯ ಕಂಪನಿಗಳನ್ನು ನೋಡಿ ನಿಗದಿಯಾಗುತ್ತದೆ. ಅಂತರರಾಷ್ಟ್ರೀಯ ಅಧಿಕಾರಿಗಳ ಸಂಬಳದ ಬಗ್ಗೆ ಇರುವಷ್ಟು ಚರ್ಚೆ ಇವರ ಬಗ್ಗೆ ಇಲ್ಲದಿರುವುದು ಬೇಸರದ ಸಂಗತಿ.

1970ರ ದಶಕದಲ್ಲಿ ಡಾಲರ್ ಕುಸಿಯಿತು, ಸ್ವಿಸ್ ಫ್ರಾಂಕ್ ಏರಿತು, ಲೆಕ್ಕವೆಲ್ಲ ಅಲುಗಾಡಿತು. 1974ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಈ ಸಂಬಳದ ವ್ಯವಸ್ಥೆ ನೋಡಿಕೊಳ್ಳಲು 15 ಸದಸ್ಯರ ಅಂತರರಾಷ್ಟ್ರೀಯ ನಾಗರಿಕ ಸೇವಾ ಆಯೋಗ ಸ್ಥಾಪಿಸಿತು. 1985ರಲ್ಲಿ ಒಂದು ಮಿತಿ ಬಂತು: ನ್ಯೂಯಾರ್ಕ್‌ನ ವಿಶ್ವಸಂಸ್ಥೆ ಸಂಬಳ ವಾಷಿಂಗ್ಟನ್‌ನ ಸರ್ಕಾರಿ ಸಂಬಳಕ್ಕಿಂತ 10ರಿಂದ 20 ಪರ್ಸೆಂಟ್ ಜಾಸ್ತಿ ಇರಬಹುದು, ಅದನ್ನು ದಾಟಬಾರದು. ಹೀಗಾಗಿ ಅಮೆರಿಕ 2011ರಿಂದ 2013ರವರೆಗೆ ತನ್ನ ನೌಕರರ ಸಂಬಳ ಏರಿಕೆಯನ್ನು ತಡೆಹಿಡಿದಾಗ ಅದರ ಬಿಸಿ ವಿಶ್ವಸಂಸ್ಥೆಗೂ ತಟ್ಟಿತು. 2014ರಲ್ಲಿ ನ್ಯೂಯಾರ್ಕ್‌ನ ಪೋಸ್ಟ್ ಅಡ್ಜಸ್ಟ್‌ಮೆಂಟ್ ಏರಿಕೆ ನಿಂತಿತು.

ಈಗ ಜಿನೀವಾಕ್ಕೆ ಬರೋಣ. 2016ರಲ್ಲಿ ಆಯೋಗ ಅಲ್ಲಿ ಜೀವನ ವೆಚ್ಚದ ಸಮೀಕ್ಷೆ ಮಾಡಿತು. ಮರುವರ್ಷ ಫಲಿತಾಂಶ ಹೊರಬಂತು: ಸಂಬಳ 7 ಪರ್ಸೆಂಟಿಗೂ ಹೆಚ್ಚು ಇಳಿಯಬೇಕು. ಜಗತ್ತಿನ ಅತಿ ದುಬಾರಿ ಊರುಗಳಲ್ಲಿ ಒಂದರಲ್ಲಿ ಬದುಕುವವರಿಗೆ ಇದು ನಂಬಲಾಗದ ಮಾತಾಗಿತ್ತು. ಸಂಸ್ಥೆಗಳು ತಮ್ಮ ಅಂಕಿಅಂಶ ತಜ್ಞರನ್ನೇ ಕೂರಿಸಿ ಲೆಕ್ಕ ನೋಡಿಸಿದವು. ಅವರು ವಿಧಾನದಲ್ಲಿ ದೋಷಗಳಿವೆ ಅಂದರು. ಆಯೋಗ ಒಪ್ಪಲಿಲ್ಲ. ಆದರೂ ಕಡಿತವನ್ನು 5 ಪರ್ಸೆಂಟಿನ ಆಸುಪಾಸಿಗೆ ತಂದಿತು. 2018ರ ಫೆಬ್ರವರಿಯಲ್ಲಿ ಹಳೆಯ ಸಿಬ್ಬಂದಿಗೂ ಅದು ತಟ್ಟತೊಡಗಿತು. ಆ ವರ್ಷ ಸಿಬ್ಬಂದಿ ಕೆಲಸ ನಿಲ್ಲಿಸಿ ಪ್ರತಿಭಟಿಸಿದರು.

ಆಮೇಲೆ ಕೋರ್ಟು. ಇಲ್ಲಿ ಎರಡು ದಾರಿಗಳಿದ್ದವು. ವಿಶ್ವ ಆರೋಗ್ಯ ಸಂಸ್ಥೆ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದಂಥವು ಕಾರ್ಮಿಕ ಸಂಸ್ಥೆಯ ನ್ಯಾಯಮಂಡಳಿಗೆ ಸೇರಿದವು. ವಿಶ್ವಸಂಸ್ಥೆಯ ಸಚಿವಾಲಯ, ನಿರಾಶ್ರಿತರ ವಿಭಾಗ, ಯುನಿಸೆಫ್‌ಗೆ ವಿಶ್ವಸಂಸ್ಥೆಯದೇ ನ್ಯಾಯಮಂಡಳಿ. 2019ರ ಜುಲೈನಲ್ಲಿ ಮೊದಲನೆಯದು ಕಡಿತವನ್ನು ರದ್ದು ಮಾಡಿತು. ಆಯೋಗದ ಕಾನೂನಿನ ಪ್ರಕಾರ ಅದು ಶಿಫಾರಸು ಮಾಡಬಹುದೇ ಹೊರತು ಗುಣಕವನ್ನು ತಾನೇ ತೀರ್ಮಾನಿಸುವಂತಿಲ್ಲ ಅಂದಿತು. 2021ರಲ್ಲಿ ಎರಡನೆಯದರ ಮೇಲ್ಮನವಿ ಮಂಡಳಿ ಕಡಿತ ಸರಿ ಅಂತ ಹೇಳಿತು. ಹೀಗೆ 2019ರಲ್ಲಿ ಶುರುವಾದ, ಒಂದೇ ಊರಿಗೆ ಎರಡು ಗುಣಕಗಳ ಸ್ಥಿತಿ ಹಾಗೇ ಉಳಿಯಿತು.

2022ರ ಕೊನೆಗೆ ಮಹಾಸಭೆ ಆಯೋಗದ ಕಾನೂನನ್ನೇ ತಿದ್ದಿ, ಗುಣಕ ತೀರ್ಮಾನಿಸುವ ಅಧಿಕಾರ ಆಯೋಗಕ್ಕಿದೆ ಅಂತ ಸ್ಪಷ್ಟಪಡಿಸಿತು. ಅಧಿಕಾರದ ಪ್ರಶ್ನೆ ಮುಗಿಯಿತು. ಸಿಬ್ಬಂದಿ ಮೊದಲಿನಿಂದ ಕೇಳುತ್ತಿದ್ದ ಪ್ರಶ್ನೆ ಮಾತ್ರ ಬೇರೆ: ಈ ಲೆಕ್ಕ ನಮಗೆ ಅರ್ಥವಾಗುವಂತೆ ಯಾರು ಹೇಳುತ್ತಾರೆ? ತನ್ನ ಸಂಬಳ ಯಾಕೆ ಇಳಿಯಿತು ಅಂತ ಕೇಳುವುದು ದುರಾಸೆ ಅಲ್ಲ.

ಈಗ ಇದೇ ಗುಣಕಕ್ಕೆ ಇನ್ನೊಂದು ಕೆಲಸ ಬಂದಿದೆ. ಹಣದ ಕೊರತೆಯಿಂದ ಬಳಲುತ್ತಿರುವ ವಿಶ್ವಸಂಸ್ಥೆ 2025ರಿಂದ ನ್ಯೂಯಾರ್ಕ್, ಜಿನೀವಾದ ಹುದ್ದೆಗಳನ್ನು ನೈರೋಬಿಯಂಥ ಊರುಗಳಿಗೆ ಸಾಗಿಸುವ ಲೆಕ್ಕ ಹಾಕುತ್ತಿದೆ. ಗುಣಕ ಕಡಿಮೆ ಇರುವ ಊರಿನಲ್ಲಿ ಅದೇ ಅಧಿಕಾರಿಗೆ ಸಂಸ್ಥೆ ಕೊಡುವ ಹಣ ಕಡಿಮೆ. ಕಾಗದದ ಮೇಲೆ ಅಧಿಕಾರಿಗೆ ನಷ್ಟವಿಲ್ಲ. ಕೆಲಸ ಬಿಟ್ಟು ಜೊತೆಗೆ ಹೋಗಬೇಕಾದ ಸಂಗಾತಿಯ ಸಂಬಳ ಮಾತ್ರ ಆ ಗುಣಕದಲ್ಲಿ ಎಲ್ಲೂ ಸೇರಿಲ್ಲ.