ಸ್ಪ್ಯಾನಿಶ್‌ನಲ್ಲಿ ಬಣ್ಣ ‘ಹಿಡಿಸುವುದು’ ಹೇಗೆ: ಗುಸ್ತಾರ್, ಪ್ರೆಫೆರೀರ್ ಟಿಪ್ಪಣಿ

‘ನನಗೆ ನೀಲಿ ಇಷ್ಟ’ ಎನ್ನಲು ಸ್ಪ್ಯಾನಿಶ್‌ನಲ್ಲಿ ‘ಮೆ ಗುಸ್ತಾ ಎಲ್ ಅಸುಲ್’ ಎನ್ನುತ್ತಾರೆ (ಮೂಲ ಕ್ರಿಯಾಪದ ‘ಗುಸ್ತಾರ್’). ಇಂಗ್ಲಿಷ್ ಮೂಲಕ ಕಲಿಯುವವರು ಈ ವಾಕ್ಯದಲ್ಲಿ ‘ನಾನು’ ಎಲ್ಲಿ ಹೋಯಿತು ಎಂದು ಹುಡುಕುತ್ತ ಕೂರುತ್ತಾರೆ. ಕನ್ನಡದವರು ಹುಡುಕಬೇಕಿಲ್ಲ. ‘ಮೆ’ ಅಂದರೆ ‘ನನಗೆ’, ಅಷ್ಟೇ. ‘ತೆ’ ನಿನಗೆ, ‘ಲೆ’ ಅವನಿಗೆ, ಅವಳಿಗೆ ಅಥವಾ (ಗೌರವದ) ನಿಮಗೆ, ‘ನೊಸ್’ ನಮಗೆ, ‘ಲೆಸ್’ ಅವರಿಗೆ. ಸ್ಪೇನ್‌ನಲ್ಲಿ ಗೆಳೆಯರ ಗುಂಪಿಗೆ ‘ನಿಮಗೆ’ ಎನ್ನಲು ‘ಒಸ್’ ಇದೆ. ಲ್ಯಾಟಿನ್ ಅಮೆರಿಕದಲ್ಲಿ ಅದಕ್ಕೂ ‘ಲೆಸ್’ ಸಾಕು.

ಮನಸ್ಸಿನಲ್ಲಿ ಯಾವ ಕನ್ನಡ ಪದ ಇಟ್ಟುಕೊಂಡು ಮಾತಾಡುತ್ತೀರಿ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ‘ಇಷ್ಟಪಡುತ್ತೇನೆ’ ಎಂದುಕೊಂಡರೆ ‘ಯೊ ಗುಸ್ತೊ’ ಎಂಬ ತಪ್ಪು ಬಾಯಿಗೆ ಬರುತ್ತದೆ. ಬರೀ ‘ಇಷ್ಟ’ ಎಂದುಕೊಂಡರೆ ಏಕವಚನ, ಬಹುವಚನ ಮರೆತುಹೋಗುತ್ತದೆ, ಏಕೆಂದರೆ ‘ಇಷ್ಟ’ ಎಲ್ಲಕ್ಕೂ ಒಂದೇ ರೂಪ. ಸರಿಯಾದ ಜೋಡಿ ‘ಹಿಡಿಸು’:

ನನಗೆ ಈ ಬಣ್ಣ ಹಿಡಿಸುತ್ತದೆ: ಮೆ ಗುಸ್ತಾ ಎಸ್ತೆ ಕೊಲೋರ್.
ನನಗೆ ಈ ಬಣ್ಣಗಳು ಹಿಡಿಸುತ್ತವೆ: ಮೆ ಗುಸ್ತಾನ್ ಎಸ್ತೊಸ್ ಕೊಲೋರೆಸ್.

ಎರಡೂ ಭಾಷೆಗಳಲ್ಲಿ ಕ್ರಿಯಾಪದ ಬಣ್ಣದ ಮಾತು ಕೇಳುತ್ತದೆ, ನಮ್ಮ ಮಾತನ್ನಲ್ಲ. ‘ನಮಗೆ’ ಬಹುವಚನವಾದರೂ ‘ನೊಸ್ ಗುಸ್ತಾ ಎಲ್ ರೋಹೊ’ (ನಮಗೆ ಕೆಂಪು ಹಿಡಿಸುತ್ತದೆ) ಎಂದೇ ಹೇಳಬೇಕು. ಎರಡು ಬಣ್ಣ ಬಂದರೆ ‘ಗುಸ್ತಾನ್’: ಮೆ ಗುಸ್ತಾನ್ ಎಲ್ ಅಸುಲ್ ಇ ಎಲ್ ಬೆರ್ದೆ (ನನಗೆ ನೀಲಿ, ಹಸಿರು ಹಿಡಿಸುತ್ತವೆ).

ಈಗ ಕನ್ನಡವೇ ನಮ್ಮ ಕಾಲೆಳೆಯುವ ಜಾಗ. ನಮ್ಮಲ್ಲಿ ‘ಕೆಂಪು’ ಬರಿಗಾಲಲ್ಲಿ ಬರುತ್ತದೆ. ಸ್ಪ್ಯಾನಿಶ್‌ನಲ್ಲಿ ಇಷ್ಟ ಹೇಳುವಾಗ ಬಣ್ಣದ ಮುಂದೆ ‘ಎಲ್’ (ಇಂಗ್ಲಿಷ್‌ನ ‘ದ’ ಥರದ ಪದ) ಬೇಕೇ ಬೇಕು. ‘ಮೆ ಗುಸ್ತಾ ರೋಹೊ’ ತಪ್ಪು. ಬಣ್ಣದ ಹೆಸರುಗಳೆಲ್ಲ ಪುಲ್ಲಿಂಗ, ಕೊನೆಯಲ್ಲಿ ‘ಆ’ ಇದ್ದರೂ: ಎಲ್ ರೋಸಾ (ಗುಲಾಬಿ), ಎಲ್ ನರಾಂಹಾ (ಕಿತ್ತಳೆ). ‘ಲಾ ನರಾಂಹಾ’ ಎಂದರೆ ಕಿತ್ತಳೆ ಹಣ್ಣು. (ಸಂಸ್ಕೃತದ ‘ನಾರಂಗ’ ಪರ್ಷಿಯನ್, ಅರಬ್ಬಿ ಹಾದು ಅಲ್ಲಿಗೆ ತಲುಪಿದ್ದು, ಹಾಗಾಗಿ ಈ ಪದ ನೆನಪಿಡಲು ಕಷ್ಟವಿಲ್ಲ.)

ಹೆಸರು ಹಿಡಿದು ಹೇಳುವಾಗ ‘-ಗೆ’ ಎರಡು ಸಲ ಬರುತ್ತದೆ: ಆ ಮರಿಯಾ ಲೆ ಗುಸ್ತಾ ಎಲ್ ಮೊರಾದೊ, ಅಂದರೆ ಮರಿಯಾಗೆ ನೇರಳೆ ಹಿಡಿಸುತ್ತದೆ. ಮುಂದಿನ ‘ಆ’ ನಮ್ಮ ‘-ಗೆ’ ಪ್ರತ್ಯಯದ ಕೆಲಸ ಮಾಡಿದರೂ ‘ಲೆ’ ಬಿಡುವ ಹಾಗಿಲ್ಲ. ‘ತುಂಬಾ’ ಸೇರಿಸಲು ‘ಮೂಚೊ’. ಇಲ್ಲಿ ‘ಮುಯ್’ ಹಾಕಬಾರದು, ಅದು ಗುಣವಾಚಕದ ಮುಂದೆ ಬರುವ ಪದ. ಪ್ರಾಣ ಅನ್ನುವಷ್ಟು ಇಷ್ಟವಿದ್ದರೆ ‘ಮೆ ಎಂಕಾಂತಾ’. ಅದರಲ್ಲೇ ‘ತುಂಬಾ’ ಅಡಗಿರುವುದರಿಂದ ‘ಮೂಚೊ’ ಬೇಡ. ಸ್ವಲ್ಪವೂ ಇಷ್ಟವಿಲ್ಲ ಎನ್ನಲು: ನೊ ಮೆ ಗುಸ್ತಾ ನಾದಾ ಎಲ್ ಗ್ರಿಸ್ (ಬೂದು).

‘ಪ್ರೆಫೆರೀರ್’ (ಒಂದಕ್ಕಿಂತ ಇನ್ನೊಂದನ್ನು ಹೆಚ್ಚು ಇಷ್ಟಪಡು) ಕಡೆ ಹೊರಳಿದಾಗ ಚಾಳಿ ಬದಲಿಸಬೇಕು. ಇಲ್ಲಿ ‘ನನಗೆ’ ಇಲ್ಲ, ‘ನಾನು’. ಆದ್ದರಿಂದ ‘ಮೆ ಪ್ರೆಫಿಯೆರೊ’ ಅಲ್ಲ, ಬರೀ ‘ಪ್ರೆಫಿಯೆರೊ’. ಒತ್ತು ಬೀಳುವ ಕಡೆ ‘ಎ’ ಸ್ವರ ‘ಇಯೆ’ ಆಗುತ್ತದೆ: ಪ್ರೆಫಿಯೆರೊ (ನಾನು), ಪ್ರೆಫಿಯೆರೆಸ್ (ನೀನು), ಪ್ರೆಫಿಯೆರೆ (ಅವನು, ಅವಳು), ಪ್ರೆಫಿಯೆರೆನ್ (ಅವರು). ‘ನಾವು’ ರೂಪದಲ್ಲಿ ಒತ್ತು ಮುಂದಕ್ಕೆ ಸರಿಯುವುದರಿಂದ ಮೂಲ ಸ್ವರವೇ ಉಳಿಯುತ್ತದೆ: ಪ್ರೆಫೆರಿಮೊಸ್. ‘ನೀಲಿಗಿಂತ ಹಸಿರು’ ಎನ್ನಲು ‘ಪ್ರೆಫಿಯೆರೊ ಎಲ್ ಬೆರ್ದೆ ಆಲ್ ಅಸುಲ್’. ‘ಆ’ ಮತ್ತು ‘ಎಲ್’ ಕೂಡಿ ‘ಆಲ್’ ಆಗಿದೆ. ಅದೇ ಮಾತನ್ನು ಗುಸ್ತಾರ್‌ನಲ್ಲಿ ಹೇಳಿದರೆ ‘ಕೆ’ ಬೇಕು: ಮೆ ಗುಸ್ತಾ ಮಾಸ್ ಎಲ್ ಬೆರ್ದೆ ಕೆ ಎಲ್ ಅಸುಲ್. ಈ ‘ಆಲ್’ ಮತ್ತು ‘ಕೆ’ ಅದಲುಬದಲಾಗುವುದು ಬಲು ಸಾಮಾನ್ಯ.

ಅಂಗಡಿಯಲ್ಲಿ ನಿಂತಾಗ ಬಣ್ಣ ವಸ್ತುವಿಗೆ ಅಂಟಿಕೊಂಡಿರುತ್ತದೆ, ಆಗ ಲಿಂಗ ಆ ವಸ್ತುವಿನದು. ‘ಕಮೀಸಾ’ (ಅಂಗಿ) ಸ್ತ್ರೀಲಿಂಗ, ಹಾಗಾಗಿ ‘ಕೆಂಪುದೇ ಇರಲಿ’ ಎನ್ನುವ ಧಾಟಿಯಲ್ಲಿ ‘ಪ್ರೆಫಿಯೆರೊ ಲಾ ರೋಹಾ’. ಶೂ (‘ಸಪಾತೊಸ್’) ಆದರೆ ‘ಲೊಸ್ ರೋಹೊಸ್’. ಬೆರ್ದೆ, ಅಸುಲ್, ಗ್ರಿಸ್ ಲಿಂಗ ನೋಡುವುದಿಲ್ಲ, ವಚನ ಮಾತ್ರ ನೋಡುತ್ತವೆ: ಬೆರ್ದೆಸ್, ಅಸೂಲೆಸ್, ಗ್ರೀಸೆಸ್. ತಿಳಿನೀಲಿಯಂಥ ಜೋಡಿಪದ ಸಾಮಾನ್ಯವಾಗಿ ಬದಲಾಗುವುದೇ ಇಲ್ಲ: ಕಮೀಸಾಸ್ ಅಸುಲ್ ಕ್ಲಾರೊ. ‘ಇದು ನೀಲಿಯಲ್ಲಿ ಇದೆಯಾ?’ ಎಂದು ಕೇಳಲು ‘ಲಾ ತಿಯೆನೆ ಎನ್ ಅಸುಲ್?’; ‘ಎನ್’ ಬಂದ ಕಡೆ ‘ಎಲ್’ ಬೇಕಿಲ್ಲ. ‘ನಿನಗೆ ನೀಲಿ ಒಪ್ಪುತ್ತದೆ’ ಎಂಬುದಂತೂ ಪದಕ್ಕೆ ಪದ ಹೊಂದುತ್ತದೆ: ತೆ ಕೇದಾ ಬಿಯೆನ್ ಎಲ್ ಅಸುಲ್.

ಉಚ್ಚಾರಣೆಯಲ್ಲಿ ‘ತ’, ‘ದ’ ನಮ್ಮ ದಂತ್ಯಗಳಂತೆ. ‘ಗುಸ್ಟಾ’ ಎನ್ನುವ ಇಂಗ್ಲಿಷ್ ಚಟ ಬಿಡಿ. ‘ರೋಹೊ’ದ ‘ಹ’ ಸ್ಪೇನ್‌ನಲ್ಲಿ ಗಂಟಲಿನಿಂದ ಒರಟಾಗಿ ಬರುತ್ತದೆ. ಹಳದಿಗೆ ‘ಅಮರಿಯೊ’, ಆದರೆ ಬ್ಯೂನಸ್ ಐರಿಸ್‌ನಲ್ಲಿ ‘ಅಮರಿಶೊ’ ಎಂದು ಕೇಳಿಸುತ್ತದೆ. ಕಂದು ಸ್ಪೇನ್‌ನಲ್ಲಿ ‘ಮರ್ರೋನ್’, ಮೆಕ್ಸಿಕೊದಲ್ಲಿ ‘ಕಫೆ’.

‘ನನಗೂ’ ಎನ್ನಲು ‘ಯೊ ತಂಬಿಯೆನ್’ (ನಾನೂ) ಅಲ್ಲ, ‘ಆ ಮಿ ತಂಬಿಯೆನ್’. ಎದುರಿನವರು ‘ಇಷ್ಟವಿಲ್ಲ’ ಎಂದು, ನಿಮಗೂ ಇಲ್ಲದಿದ್ದರೆ ‘ಆ ಮಿ ತಂಪೋಕೊ’. ನಿಮಗೆ ಇಷ್ಟವಿದ್ದರೆ ‘ಆ ಮಿ ಸಿ’. ಒಂದು ಎಚ್ಚರ: ಬಣ್ಣಕ್ಕೆ ‘ಮೆ ಗುಸ್ತಾ’ ಎಂದು ಅಭ್ಯಾಸವಾದ ಬಾಯಲ್ಲಿ ಸಹಪಾಠಿಗೆ ‘ಮೆ ಗುಸ್ತಾಸ್’ ಎಂದುಬಿಟ್ಟರೆ ಅದನ್ನು ಪ್ರೇಮದ ಮಾತು ಎಂದೇ ತಿಳಿಯುತ್ತಾರೆ. ಸ್ನೇಹಕ್ಕೆ ‘ಮೆ ಕಾಯೆಸ್ ಬಿಯೆನ್’ ಇದೆ.