ಒಂದೇ ಸುನಾಮಿ, ಎರಡು ಯುದ್ಧ: ಪ್ರತ್ಯೇಕತಾ ಸಂಘರ್ಷಗಳಲ್ಲಿ ಸಂಧಾನ ಮುರಿಯುವುದೆಲ್ಲಿ?

2004ರ ಡಿಸೆಂಬರ್ 26ರ ಸುನಾಮಿ ಎರಡು ಯುದ್ಧಭೂಮಿಗಳಿಗೆ ಒಂದೇ ದಿನ ಅಪ್ಪಳಿಸಿತು. ಇಂಡೊನೇಷ್ಯಾದ ಅಚೆ ಪ್ರಾಂತ್ಯದಲ್ಲಿ ಸುಮಾರು 1.7 ಲಕ್ಷ ಜನ, ಶ್ರೀಲಂಕಾದಲ್ಲಿ 30 ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಎರಡೂ ಕಡೆ ಪ್ರತ್ಯೇಕ ದೇಶಕ್ಕಾಗಿ ದಶಕಗಳಿಂದ ಸಶಸ್ತ್ರ ಹೋರಾಟ ನಡೆದಿತ್ತು. ಎಂಟು ತಿಂಗಳೊಳಗೆ ಅಚೆಯಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಶ್ರೀಲಂಕಾ ಮಾತ್ರ ಮತ್ತೆ ಯುದ್ಧಕ್ಕೆ ಮರಳಿತು. ಒಂದು ಕಡೆಯ ಬಂಡುಕೋರರು ಮೆದುವಾದರು, ಇನ್ನೊಂದು ಕಡೆಯವರು ಹಟ ಬಿಡಲಿಲ್ಲ ಎಂಬ ವಿವರಣೆ ಸುಲಭದ್ದು, ಆದರೆ ಅದು ಸಾಲದು. ಸ್ವತಂತ್ರ ಅಚೆ ಚಳವಳಿಯೂ 1976ರಿಂದ ಪೂರ್ಣ ಸ್ವಾತಂತ್ರ್ಯಕ್ಕಿಂತ ಕಡಿಮೆ ಏನನ್ನೂ ಕೇಳಿರಲಿಲ್ಲ. 2002ರ ಡಿಸೆಂಬರ್‌ನಲ್ಲಿ ಅದು ಮಾಡಿಕೊಂಡ ಕದನವಿರಾಮ ಐದೇ ತಿಂಗಳಲ್ಲಿ ಮುರಿದು, ಪ್ರಾಂತ್ಯದಲ್ಲಿ ಸೇನಾ ಆಡಳಿತ ಜಾರಿಯಾಗಿತ್ತು.

ಶ್ರೀಲಂಕಾದ ಹಿನ್ನೆಲೆಯನ್ನು ಹೀಗೆ ಸಂಕ್ಷೇಪಿಸಬಹುದು: 1956ರಲ್ಲಿ ಸಿಂಹಳ ಒಂದೇ ಆಡಳಿತ ಭಾಷೆಯಾಯಿತು, 1972ರ ಸಂವಿಧಾನ ಬೌದ್ಧ ಧರ್ಮಕ್ಕೆ ಅಗ್ರಸ್ಥಾನ ಕೊಟ್ಟಿತು, 1976ರಲ್ಲಿ ತಮಿಳು ನಾಯಕರ ವಡ್ಡುಕೋಟ್ಟೈ ನಿರ್ಣಯ ಪ್ರತ್ಯೇಕ ಈಳಂ (ತಮಿಳು ದೇಶ) ಕೇಳಿತು, 1981ರಲ್ಲಿ ಜಾಫ್ನಾದ ಗ್ರಂಥಾಲಯ ಸುಟ್ಟುಹೋಯಿತು, 1983ರ ಜುಲೈ ಹತ್ಯಾಕಾಂಡದ ನಂತರ ಯುದ್ಧ ಪೂರ್ಣಪ್ರಮಾಣಕ್ಕೇರಿತು. ಈ ಸಾಲಿನಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಎರಡು ಘಟನೆಗಳಿವೆ. 1957ರಲ್ಲಿ ಪ್ರಧಾನಿ ಬಂಡಾರನಾಯಕೆ ಮತ್ತು ತಮಿಳು ನಾಯಕ ಚೆಲ್ವನಾಯಗಂ ಪ್ರಾದೇಶಿಕ ಮಂಡಳಿಗಳ ಕುರಿತು ಒಪ್ಪಂದ ಮಾಡಿಕೊಂಡಿದ್ದರು. ವಿರೋಧ ಪಕ್ಷದ ಪ್ರತಿಭಟನೆ ಮತ್ತು ತಮ್ಮ ಮನೆಯೆದುರೇ ಧರಣಿ ಕೂತ ಭಿಕ್ಷುಗಳ ಒತ್ತಡಕ್ಕೆ ಮಣಿದು ಮರುವರ್ಷ ಪ್ರಧಾನಿಯೇ ಅದನ್ನು ರದ್ದುಪಡಿಸಿದರು. 1965ರಲ್ಲಿ ಡಡ್ಲಿ ಸೇನಾನಾಯಕೆ ಮಾಡಿಕೊಂಡ ಇಂಥದೇ ಒಪ್ಪಂದವೂ ಸ್ವಪಕ್ಷದ ವಿರೋಧದಿಂದ ಕೈಬಿಟ್ಟುಹೋಯಿತು. ಬಂದೂಕು ಹಿಡಿದವರು ಇನ್ನೂ ಕಣದಲ್ಲೇ ಇಲ್ಲದ ಕಾಲದಲ್ಲಿ ನಡೆದ ಸಂಗತಿಗಳಿವು. ಆಗ ಎದುರಾಳಿಯನ್ನು ಒಪ್ಪಿಸುವುದು ಸಾಧ್ಯವಾಗಿತ್ತು, ತನ್ನವರನ್ನು ಒಪ್ಪಿಸುವುದು ಸಾಧ್ಯವಾಗಲಿಲ್ಲ. ಮುಂದಿನ ಅರ್ಧ ಶತಮಾನದ ಸಂಧಾನಗಳೆಲ್ಲ ಎಡವಿದ್ದು ಬಹುತೇಕ ಇದೇ ಹೊಸ್ತಿಲಿನಲ್ಲಿ.

1987ರ ಭಾರತ–ಶ್ರೀಲಂಕಾ ಒಪ್ಪಂದ ಪ್ರಾಂತೀಯ ಮಂಡಳಿಗಳನ್ನು ಹುಟ್ಟುಹಾಕಿತು, ಆದರೆ ಶಾಂತಿಪಾಲನೆಗೆ ಹೋದ ಭಾರತೀಯ ಸೇನೆಯೇ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ಜೊತೆ ಕಾದಾಡಬೇಕಾಗಿ ಬಂದು, ಸಾವಿರಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡು 1990ರಲ್ಲಿ ಮರಳಿತು. ಮರುವರ್ಷ ಶ್ರೀಪೆರಂಬದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆಯಾಯಿತು. ಹತ್ಯೆಯ ಪ್ರಮುಖ ಆರೋಪಿಗಳು ಆಗಸ್ಟ್‌ನಲ್ಲಿ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಸುತ್ತುವರಿದ ಪೊಲೀಸರಿಗೆ ಸಿಕ್ಕದೆ ಪ್ರಾಣ ಕಳೆದುಕೊಂಡದ್ದು ಕನ್ನಡಿಗರಿಗೆ ನೆನಪಿರುವ ವಿಷಯ. ಎಲ್‌ಟಿಟಿಇಯನ್ನು ನಿಷೇಧಿಸಿದ ಭಾರತ ನೇರ ಮಧ್ಯಸ್ಥಿಕೆಯಿಂದ ಹಿಂದೆ ಸರಿಯಿತು. ಆ ಜಾಗಕ್ಕೆ ಕೆಲವು ವರ್ಷಗಳ ನಂತರ ನಾರ್ವೆ ಬಂತು.

2002ರ ಫೆಬ್ರುವರಿ 22ರ ಕದನವಿರಾಮ ಎಲ್ಲ ಪ್ರಯತ್ನಗಳಿಗಿಂತ ಗಟ್ಟಿಯಾಗಿ ಕಂಡಿತು. ಕ್ಯಾಂಡಿ–ಜಾಫ್ನಾ ನಡುವಿನ ಎ9 ಹೆದ್ದಾರಿ ತೆರೆಯಿತು. ಯುದ್ಧಕಾಲದ ಸರಕು ನಿರ್ಬಂಧದ ವರ್ಷಗಳಲ್ಲಿ ಉತ್ತರದ ಮನೆಗಳಿಗೆ ವಿದ್ಯುತ್ತೂ ಇರಲಿಲ್ಲ, ಸಾಕಷ್ಟು ಸೀಮೆಎಣ್ಣೆಯೂ ಇರಲಿಲ್ಲ. ಜಾಮ್ ಬಾಟಲಿಯೊಳಗೆ ತುಸು ಎಣ್ಣೆ, ಸಣ್ಣ ಬತ್ತಿ ಇಟ್ಟು ಮಕ್ಕಳು ಅದರ ಬೆಳಕಿನಲ್ಲಿ ಓದುತ್ತಿದ್ದರು. ಅಂಥ ಊರುಗಳಿಗೆ ಈಗ ಸಿಮೆಂಟು, ಗೊಬ್ಬರ, ಬ್ಯಾಟರಿ ಲಾರಿಗಳಲ್ಲಿ ಬಂದವು. ಆದರೆ ಓಮಂದೈ ತಪಾಸಣಾ ಠಾಣೆಯಲ್ಲಿ ಸೇನೆಗೆ ಗುರುತಿನ ಚೀಟಿ ತೋರಿಸಿ, ಯಾರಿಗೂ ಸೇರದ ನೆಲ ದಾಟಿದ ಪ್ರಯಾಣಿಕ ಆಚೆ ಬದಿಯಲ್ಲಿ ಎಲ್‌ಟಿಟಿಇಗೆ ಸುಂಕ ಕಟ್ಟಬೇಕಿತ್ತು. ಒಂದೇ ರಸ್ತೆಯ ಮೇಲೆ ಎರಡು ಸರ್ಕಾರಗಳಿದ್ದವು, ಯಾವುದು ಉಳಿಯಬೇಕೆಂಬ ಪ್ರಶ್ನೆಯನ್ನು ಕದನವಿರಾಮ ಮುಂದಕ್ಕೆ ಹಾಕಿತ್ತು.

ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ಆರು ಸುತ್ತು ಮಾತುಕತೆ ನಡೆಯಿತು. ಡಿಸೆಂಬರ್‌ನಲ್ಲಿ ಓಸ್ಲೊದಲ್ಲಿ, ಅಖಂಡ ಶ್ರೀಲಂಕಾದೊಳಗೆ ಒಕ್ಕೂಟ ಮಾದರಿಯ ಪರಿಹಾರವನ್ನು ಪರಿಶೀಲಿಸಲು ಉಭಯ ಪಕ್ಷಗಳು ಒಪ್ಪಿದವು. ಇದು ಇಡೀ ಇತಿಹಾಸದ ಅತ್ಯಂತ ಭರವಸೆಯ ಗಳಿಗೆ. ಆದರೆ ಈ ಒಪ್ಪಿಗೆ ಮೇಜಿನ ಸುತ್ತಲೇ ಉಳಿಯಿತು. ಕೊಲಂಬೊದಲ್ಲಿ ಪ್ರಧಾನಿ ಒಂದು ಪಕ್ಷದವರು, ಅಧ್ಯಕ್ಷರು ಅದರ ಎದುರಾಳಿ ಪಕ್ಷದವರು. ಸಂಧಾನಕ್ಕೆ ಒಬ್ಬರು ಹೊಣೆಗಾರರಾದರೆ ಸೇನೆ ಇನ್ನೊಬ್ಬರ ಅಧೀನದಲ್ಲಿತ್ತು. ಜಾಫ್ನಾದಲ್ಲಿ ಸೇನೆಯ ಅತಿ ಭದ್ರತಾ ವಲಯಗಳಲ್ಲಿದ್ದ ಮನೆಗಳಿಗೆ ನಿರಾಶ್ರಿತರು ಮರಳಲಾಗಲಿಲ್ಲ. ಇತ್ತ ಎಲ್‌ಟಿಟಿಇ ಮಕ್ಕಳನ್ನು ಪಡೆಗೆ ಸೇರಿಸುವುದೂ ಭಿನ್ನಮತದ ತಮಿಳರ ಹತ್ಯೆಗಳೂ ನಿಲ್ಲಲಿಲ್ಲ. 2003ರ ಏಪ್ರಿಲ್‌ನಲ್ಲಿ ಎಲ್‌ಟಿಟಿಇ ಮಾತುಕತೆಯಿಂದ ಹೊರನಡೆಯಿತು. ಅಕ್ಟೋಬರ್ 31ರಂದು ಅದು ಮಧ್ಯಂತರ ಸ್ವಯಮಾಡಳಿತದ ಪ್ರಸ್ತಾವ ಪ್ರಕಟಿಸಿದ ನಾಲ್ಕೇ ದಿನಕ್ಕೆ ಅಧ್ಯಕ್ಷರು ಮೂರು ಖಾತೆಗಳನ್ನು ವಶಕ್ಕೆ ತೆಗೆದುಕೊಂಡರು. 2004ರ ಮಾರ್ಚ್‌ನಲ್ಲಿ ಪೂರ್ವದ ಕಮಾಂಡರ್ ಎಲ್‌ಟಿಟಿಇಯಿಂದ ಸಿಡಿದು ಹೊರಬಂದರು. ಒಡಕು ಎರಡೂ ಮನೆಗಳಲ್ಲಿತ್ತು.

ಸುನಾಮಿಯ ನೆರವು ಹಂಚಲು ಜಂಟಿ ವ್ಯವಸ್ಥೆಯೊಂದಕ್ಕೆ 2005ರ ಜೂನ್‌ನಲ್ಲಿ ಸಹಿಯಾಯಿತು. ಅದನ್ನು ವಿರೋಧಿಸಿ ಮೈತ್ರಿಪಕ್ಷವೊಂದು ಸರ್ಕಾರದಿಂದ ಹೊರಬಂತು. ಪ್ರಾದೇಶಿಕ ನಿಧಿ ಮತ್ತು ಎಲ್‌ಟಿಟಿಇ ಆಡಳಿತ ಕೇಂದ್ರವಾಗಿದ್ದ ಕಿಳಿನೊಚ್ಚಿಯಲ್ಲಿ ಕಚೇರಿ ಇರಿಸುವ ಅಂಶಗಳಿಗೆ ಸುಪ್ರೀಂ ಕೋರ್ಟ್ ತಡೆ ನೀಡಿತು. ಹೆಣ ಹೂಳುವಾಗ ಹತ್ತಿರ ಬಂದಿದ್ದ ಜನ, ಪರಿಹಾರದ ಹಣ ಯಾರ ಕೈಯಿಂದ ಸಿಗಬೇಕೆಂಬ ಪ್ರಶ್ನೆಯಲ್ಲಿ ಮತ್ತೆ ದೂರವಾದರು. ನವೆಂಬರ್‌ನ ಅಧ್ಯಕ್ಷೀಯ ಚುನಾವಣೆಯಲ್ಲಿ ಎಲ್‌ಟಿಟಿಇ ಹೇರಿದ ಬಹಿಷ್ಕಾರದಿಂದ ಉತ್ತರದ ಬಹುಪಾಲು ಮತದಾರರು ಮನೆಯಲ್ಲೇ ಉಳಿದರು. ಸಂಧಾನ ನಡೆಸಿದ್ದ ಮಾಜಿ ಪ್ರಧಾನಿ ಸೋತದ್ದು ಎರಡು ಲಕ್ಷಕ್ಕಿಂತ ಕಡಿಮೆ ಮತಗಳ ಅಂತರದಲ್ಲಿ. 2006ರ ಮಧ್ಯಭಾಗದಲ್ಲಿ ಯುದ್ಧ ಮರುಕಳಿಸಿ 2009ರ ಮೇ ತಿಂಗಳಲ್ಲಿ ಮುಗಿಯಿತು. ಕಡೆಯ ತಿಂಗಳುಗಳಲ್ಲಿ ಸತ್ತ ನಾಗರಿಕರ ಸಂಖ್ಯೆ 40 ಸಾವಿರದಷ್ಟಿರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ ಹೇಳಿತು.

ಅಚೆಯಲ್ಲಿ ಲೆಕ್ಕ ಬೇರೆ ಇತ್ತು. ಅಧ್ಯಕ್ಷ ಯುಧೊಯೊನೊ 2004ರಲ್ಲಿ ನೇರ ಚುನಾವಣೆಯಿಂದ ಬಂದ ಮಾಜಿ ಜನರಲ್; ಉಪಾಧ್ಯಕ್ಷ ಯೂಸುಫ್ ಕಲ್ಲಾ ಅದೇ ಡಿಸೆಂಬರ್‌ನಲ್ಲಿ ಸಂಸತ್ತಿನ ಅತಿದೊಡ್ಡ ಪಕ್ಷದ ಅಧ್ಯಕ್ಷರಾಗಿದ್ದರು. ಹೀಗಾಗಿ ಸೇನೆಯನ್ನೂ ಸಂಸತ್ತನ್ನೂ ಒಟ್ಟಿಗೆ ಹಿಡಿದಿಡಲು ಸಾಧ್ಯವಾಯಿತು. ಮಧ್ಯಸ್ಥಿಕೆ ವಹಿಸಿದ ಫಿನ್ಲೆಂಡಿನ ಮಾರ್ಟಿ ಅಹ್ತಿಸಾರಿ ಕಠಿಣ ಪ್ರಶ್ನೆಯನ್ನೇ ಮೊದಲು ಎತ್ತಿದರು: ಎಲ್ಲವೂ ಒಪ್ಪಿಗೆಯಾಗುವವರೆಗೆ ಯಾವುದೂ ಒಪ್ಪಿಗೆಯಾದಂತಲ್ಲ ಎಂಬುದು ಅವರ ಷರತ್ತು. ಬಂಡುಕೋರರು ಸ್ವಾತಂತ್ರ್ಯದ ಬೇಡಿಕೆ ಬಿಟ್ಟರು. ಸ್ಥಳೀಯ ಪಕ್ಷ ಕಟ್ಟುವ ಹಕ್ಕು ಮತ್ತು ತೈಲ, ಅನಿಲದ ಆದಾಯದಲ್ಲಿ ಶೇ 70ರಷ್ಟು ಪಾಲು ಪ್ರಾಂತ್ಯಕ್ಕೆ ಸಿಕ್ಕಿತು. ಸೆಪ್ಟೆಂಬರ್‌ನಲ್ಲಿ ಬಂದಾ ಅಚೆಯ ಮೈದಾನದಲ್ಲಿ ಜನರ ಕಣ್ಣೆದುರೇ ಬಂದೂಕುಗಳನ್ನು ಗರಗಸದ ಯಂತ್ರಕ್ಕೆ ಕೊಟ್ಟು ತುಂಡರಿಸಲಾಯಿತು. ನಾಲ್ಕು ಕಂತುಗಳಲ್ಲಿ 840 ಆಯುಧಗಳು ಹೋದವು, ಪ್ರತಿ ಕಂತಿಗೂ ಎದುರಾಗಿ ಸೇನೆಯ ತುಕಡಿಗಳು ಹಿಂದೆ ಸರಿದವು. ಮರುವರ್ಷ ಬಂಡುಕೋರರ ಪೈಕಿ ಒಬ್ಬರಾದ ಇರ್ವಾಂದಿ ಯೂಸುಫ್ ಗವರ್ನರ್ ಚುನಾವಣೆ ಗೆದ್ದರು. ಇಷ್ಟಾದರೂ ಅಲ್ಲಿ ಮನೆಯವರನ್ನು ಕಳೆದುಕೊಂಡ ಕುಟುಂಬಗಳಿಗೆ ಉತ್ತರ ಹೇಳಬೇಕಿದ್ದ ಸತ್ಯಶೋಧನಾ ಆಯೋಗ ರಚನೆಯಾದದ್ದು 2016ರಲ್ಲಿ, ಹನ್ನೊಂದು ವರ್ಷ ತಡವಾಗಿ.

ತನ್ನವರನ್ನು ಒಪ್ಪಿಸುವ ಬೆಲೆ ಏನೆಂಬುದನ್ನು ನಮ್ಮ ಮಿಜೋರಾಂ ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. 1966ರ ದಂಗೆ, ಐಜ್ವಾಲ್ ಮೇಲೆ ವಾಯುದಾಳಿ, ಹಳ್ಳಿಗಳ ಬಲವಂತದ ಸ್ಥಳಾಂತರ, ಇವೆಲ್ಲ ಆದಮೇಲೆ 1986ರ ಜೂನ್ 30ರಂದು ಒಪ್ಪಂದವಾಯಿತು. ಬಂಡುಕೋರರ ನಾಯಕ ಲಾಲ್‌ಡೆಂಗಾ ಮುಖ್ಯಮಂತ್ರಿಯಾಗಲೆಂದು ಅಧಿಕಾರದಲ್ಲಿದ್ದ ಕಾಂಗ್ರೆಸ್ಸಿನ ಲಾಲ್‌ಥನ್ಹಾವ್ಲಾ ಕುರ್ಚಿ ಬಿಟ್ಟು ಉಪಮುಖ್ಯಮಂತ್ರಿಯಾದರು. ಎರಡೇ ವರ್ಷಗಳಲ್ಲಿ ಲಾಲ್‌ಡೆಂಗಾ ಸರ್ಕಾರ ಉರುಳಿದಾಗ ಅವರ ಕಡೆಯವರೂ ಕಾಡಿಗೆ ಮರಳಲಿಲ್ಲ, ಮುಂದಿನ ಚುನಾವಣೆಗೆ ನಿಂತರು.

ಶ್ರೀಲಂಕಾದಲ್ಲಿ 1987ರ ಒಪ್ಪಂದದಿಂದ ಹುಟ್ಟಿದ ಪ್ರಾಂತೀಯ ಮಂಡಳಿಗಳು ಇಂದಿಗೂ ಸಂವಿಧಾನದಲ್ಲಿವೆ. ಉತ್ತರ ಪ್ರಾಂತ್ಯ ತನ್ನ ಮಂಡಳಿಯನ್ನು ಮೊದಲ ಬಾರಿಗೆ ಚುನಾಯಿಸಿದ್ದು ಯುದ್ಧ ಮುಗಿದ ಮೇಲೆ, 2013ರಲ್ಲಿ. 2018ರಲ್ಲಿ ಅದರ ಅವಧಿ ತೀರಿತು. ಆಮೇಲಿನ ವರ್ಷಗಳಲ್ಲಿ ಅಲ್ಲಿ ಆಡಳಿತ ನಡೆಸಿದ್ದು ಅಧ್ಯಕ್ಷರು ನೇಮಿಸಿದ ರಾಜ್ಯಪಾಲರು.